ಜರ್ಮನಿಯಲ್ಲಿ ಪಿಆರ್ (ಕಾಯಂ ವಾಸದ ಪರವಾನಗಿ): ಮೂರು ವರ್ಷದ ಲೆಕ್ಕ ಯಾವ ದಿನದಿಂದ ಶುರುವಾಗುತ್ತದೆ?

ಮುಳಬಾಗಿಲು_ಶುಶ್ರೂಷಕಿ

ಎಲ್ಲರಿಗೂ ನಮಸ್ಕಾರ. ನಾನು ಬಿಎಸ್‌ಸಿ ನರ್ಸಿಂಗ್ ಮುಗಿಸಿ ಕೋಲಾರದ ಆಸ್ಪತ್ರೆಯೊಂದರ ಐಸಿಯುನಲ್ಲಿ ಕೆಲಸ ಮಾಡುತ್ತಿದ್ದೇನೆ. ಜರ್ಮನ್ ಭಾಷೆಯಲ್ಲಿ ಬಿ1 ಮಟ್ಟ ಮುಗಿದಿದೆ. ಬಿ2 ತರಗತಿಗೆಂದು ವಾರಾಂತ್ಯಗಳಲ್ಲಿ ಬೆಂಗಳೂರಿಗೆ ಹೋಗಿ ಬರುತ್ತಿದ್ದೇನೆ. ಜರ್ಮನಿಯ ಆಸ್ಪತ್ರೆಯೊಂದರಿಂದ ನೇಮಕಾತಿ ಪತ್ರ ಬಂದಿದೆ. ಮೊದಲು ನರ್ಸಿಂಗ್ ಸಹಾಯಕಿಯಾಗಿ ಸೇರಿಸಿಕೊಂಡು, ನನ್ನ ಪದವಿಗೆ ಅಲ್ಲಿ ಮಾನ್ಯತೆ ಸಿಕ್ಕ ಮೇಲೆ ಪೂರ್ಣ ಪ್ರಮಾಣದ ನರ್ಸ್ ಹುದ್ದೆ ಮತ್ತು ಸಂಬಳ ಕೊಡುವುದಾಗಿ ಅದರಲ್ಲಿ ಬರೆದಿದ್ದಾರೆ.

ಮಧ್ಯವರ್ತಿ ಸಂಸ್ಥೆಯವರು "ವಿಮಾನ ಇಳಿದ ದಿನದಿಂದ ಮೂರು ವರ್ಷಕ್ಕೆ ಪಿಆರ್ ಕೈಗೆ ಬರುತ್ತದೆ" ಎಂದು ಹೇಳಿದ್ದಾರೆ. ನಮ್ಮ ಮನೆಯಲ್ಲಿ ಸಾಲದ ಕಂತು, ತಮ್ಮನ ಓದು, ನನ್ನ ಮದುವೆ ಎಲ್ಲವೂ ಈ ಮೂರು ವರ್ಷದ ಲೆಕ್ಕದ ಮೇಲೆಯೇ ನಿಂತಿವೆ. ಆ ಮಾತು ನಿಜವೇ ಎಂದು ಅಲ್ಲಿರುವವರು ದಯವಿಟ್ಟು ತಿಳಿಸಬೇಕು.

ಮಾವಿನತೋಪು_ಶ್ರೀನಿವಾಸಪುರ

ತಂಗಿ, ನಾನೂ ನಿನ್ನಂತೆಯೇ ಸಹಾಯಕಿಯಾಗಿ ಸೇರಿ ಈಗ ನರ್ಸ್ ಆಗಿರುವವಳು. ಅವರು ಹೇಳಿದ ಮಾತು ನಿನ್ನ ವಿಷಯದಲ್ಲಿ ಸರಿಯಲ್ಲ. ಸಾಲಕ್ಕೆ ಸಹಿ ಹಾಕುವ ಮೊದಲೇ ನಿಮ್ಮ ಮನೆಯವರಿಗೆ ಇದು ತಿಳಿಯಬೇಕೆಂದು ವಿವರವಾಗಿ ಬರೆಯುತ್ತಿದ್ದೇನೆ.

ಕುಶಲ ಉದ್ಯೋಗಿಗಳ ಕಾಯಂ ವಾಸದ ಬಗ್ಗೆ ಹೇಳುವುದು ಜರ್ಮನಿಯ ವಾಸ ಕಾಯ್ದೆಯ ಕಲಂ 18ಸಿ. 2020ರ ಮಾರ್ಚ್‌ನಲ್ಲಿ ಜಾರಿಗೆ ಬಂದ ಕುಶಲ ವಲಸೆ ಕಾನೂನಿನಲ್ಲಿ ನಾಲ್ಕು ವರ್ಷ ಎಂದಿದ್ದ ಅವಧಿಯನ್ನು 2023ರ ತಿದ್ದುಪಡಿ ಮೂರು ವರ್ಷಕ್ಕೆ ಇಳಿಸಿತು. ಆದರೆ ಆ ಮೂರು ವರ್ಷಗಳನ್ನು ಜರ್ಮನಿಗೆ ಬಂದ ದಿನದಿಂದ ಎಣಿಸುವುದಿಲ್ಲ. 18ಎ, 18ಬಿ, 18ಡಿ ಅಥವಾ 18ಜಿ ಕಲಮಿನ ಅಡಿಯಲ್ಲಿ ಕೊಟ್ಟ ವಾಸ ಪರವಾನಗಿ ಕೈಯಲ್ಲಿ ಮೂರು ವರ್ಷ ಇದ್ದಿರಬೇಕು ಎಂಬುದು ಕಾನೂನಿನ ಮಾತು. 18ಎ ಎಂದರೆ ಮಾನ್ಯತೆ ಪಡೆದ ವೃತ್ತಿ ತರಬೇತಿಯವರದು, 18ಬಿ ಪದವೀಧರರದು, 18ಡಿ ಸಂಶೋಧಕರದು, 18ಜಿ ಬ್ಲೂ ಕಾರ್ಡ್, ಅಂದರೆ ನಿಗದಿತ ಮಟ್ಟಕ್ಕಿಂತ ಹೆಚ್ಚು ಸಂಬಳದ ಉನ್ನತ ಕೌಶಲದವರ ಪರವಾನಗಿ.

ನೀನು ಬರುವುದು ಇವುಗಳಲ್ಲಿ ಯಾವುದರಲ್ಲೂ ಅಲ್ಲ. ಪದವಿಯ ಮಾನ್ಯತೆ ಇನ್ನೂ ಬಾಕಿ ಇರುವವರಿಗೆ 16ಡಿ ಕಲಮಿನ ಪರವಾನಗಿ ಕೊಡುತ್ತಾರೆ. ನೀನು ವಾರ್ಡಿನಲ್ಲಿ ದುಡಿಯುತ್ತೀಯ, ಸಂಬಳ ಬರುತ್ತದೆ, ತೆರಿಗೆ ಕಟ್ಟುತ್ತೀಯ. ಆದರೂ ಆ ತಿಂಗಳುಗಳು ಮೂರು ವರ್ಷದ ಲೆಕ್ಕಕ್ಕೆ ಸೇರುವುದಿಲ್ಲ. ಮಾನ್ಯತೆಯ ಪ್ರಮಾಣಪತ್ರ ಬಂದು, ಕಾರ್ಡ್ ಬದಲಾಗಿ, ಅದರ ಮೇಲೆ 18ಎ ಎಂದು ಮುದ್ರಣವಾದ ದಿನದಿಂದ ಎಣಿಕೆ ಶುರು. ಕ್ರೆಡಿಟ್ ಕಾರ್ಡಿನಷ್ಟೇ ಗಾತ್ರದ ಆ ವಾಸ ಕಾರ್ಡಿನಲ್ಲಿ ಟಿಪ್ಪಣಿಗೆಂದು ಬಿಟ್ಟ ಜಾಗದಲ್ಲಿ ಕಲಮಿನ ಸಂಖ್ಯೆ ಸಣ್ಣ ಅಕ್ಷರದಲ್ಲಿರುತ್ತದೆ. ಇಲ್ಲಿ ಹೊಸದಾಗಿ ಪರಿಚಯವಾಗುವ ನಮ್ಮ ಕಡೆಯ ಹೆಣ್ಣುಮಕ್ಕಳಿಗೆಲ್ಲ ನಾನು ಮೊದಲು ಹೇಳುವುದು ಆ ಸಾಲನ್ನು ಓದಿ ನೋಡಿ ಎಂದೇ.

ಊರಲ್ಲಿರುವಾಗಲೇ ಪೂರ್ಣ ಮಾನ್ಯತೆ ಪಡೆದು, 18ಎ ವೀಸಾದಲ್ಲೇ ಇಳಿಯುವವರಿಗೆ ಮಾತ್ರ ಆ ಏಜೆನ್ಸಿಯವರ ಮಾತು ಹೊಂದುತ್ತದೆ. ಅವರಿಗೆ ವೀಸಾದ ತಿಂಗಳುಗಳೂ ಸೇರುತ್ತವೆ. ನಮ್ಮ ನರ್ಸಿಂಗ್ ಕೋರ್ಸಿಗೆ ಹಾಗೆ ನೇರವಾಗಿ ಪೂರ್ಣ ಮಾನ್ಯತೆ ಸಿಗುವುದು ಅಪರೂಪ.

ಚಿಂತಾಮಣಿ_ನಿವೃತ್ತ_ಶಿಕ್ಷಕ

ಅಮ್ಮಾ, ವಿವರ ಓದಿ ಸಮಾಧಾನವೂ ಆಯಿತು, ಆತಂಕವೂ ಆಯಿತು. ನನ್ನ ಮಗಳೂ ಇದೇ ದಾರಿಯಲ್ಲಿ ಹೋಗಿ ಈಗ ಸಹಾಯಕಿಯಾಗಿದ್ದಾಳೆ. ನಮ್ಮ ಇಲಾಖೆಯಲ್ಲಿ ತಾತ್ಕಾಲಿಕವಾಗಿ ಪಾಠ ಮಾಡಿದ ವರ್ಷಗಳನ್ನು ಜ್ಯೇಷ್ಠತೆಗೆ ಹಿಡಿಯುತ್ತಿರಲಿಲ್ಲ. ಇದೂ ಹಾಗೆಯೇ ಇರುವಂತಿದೆ. ಹಾಗಿದ್ದರೆ ಈ ಅವಧಿಯಲ್ಲಿ ಅವಳ ಸಂಬಳದಿಂದ ಕಡಿತವಾಗುವ ಪಿಂಚಣಿ ಹಣವೂ ಲೆಕ್ಕಕ್ಕೆ ಬರುವುದಿಲ್ಲವೇ?

ಮಾವಿನತೋಪು_ಶ್ರೀನಿವಾಸಪುರ

ಮೇಷ್ಟ್ರೇ, ಪಿಂಚಣಿಯ ಲೆಕ್ಕ ಬೇರೆ, ಪರವಾನಗಿಯ ಲೆಕ್ಕ ಬೇರೆ. ಎರಡನ್ನೂ ಒಂದೇ ಎಂದುಕೊಳ್ಳುವುದರಿಂದಲೇ ಗೊಂದಲ ಹುಟ್ಟುತ್ತದೆ.

ಕಾಯಂ ವಾಸಕ್ಕೆ ಶಾಸನಬದ್ಧ ಪಿಂಚಣಿ ವಿಮೆಗೆ 36 ತಿಂಗಳ ವಂತಿಗೆ ಕಟ್ಟಿರಬೇಕು. ಸಹಾಯಕಿಯಾಗಿ ದುಡಿದ ತಿಂಗಳುಗಳಲ್ಲೂ ಈ ವಂತಿಗೆ ಹೋಗುತ್ತಿರುತ್ತದೆ. ಒಟ್ಟು ಶೇಕಡಾ 18.6ರಲ್ಲಿ ಅರ್ಧ ನಮ್ಮ ಸಂಬಳದಿಂದ, ಇನ್ನರ್ಧ ಮಾಲೀಕರಿಂದ. ಆ ತಿಂಗಳುಗಳು ಪಿಂಚಣಿ ಖಾತೆಯಲ್ಲಿ ಭದ್ರವಾಗಿರುತ್ತವೆ. ಆದ್ದರಿಂದ ನಿಮ್ಮ ಮಗಳ ವಿಷಯದಲ್ಲಿ 36 ತಿಂಗಳ ಷರತ್ತು ಮೊದಲೇ ಪೂರ್ತಿಯಾಗಿ, 18ಎ ಕಾರ್ಡಿನ ಮೂರು ವರ್ಷ ಆಮೇಲೆ ಪೂರ್ತಿಯಾಗಬಹುದು. ಎರಡೂ ಆದ ಮೇಲಷ್ಟೇ ಅರ್ಜಿ.

ಹಾಗಾಗಿ ನಿಜವಾದ ಓಟವಿರುವುದು ಮಾನ್ಯತೆಯದು. ಅದು ತಡವಾದಷ್ಟು ತಿಂಗಳು ಪಿಆರ್ ಕೂಡ ತಡ. ಪ್ರತಿ ರಾಜ್ಯದಲ್ಲೂ ಇದಕ್ಕೆ ಅದರದೇ ಪ್ರಾಧಿಕಾರವಿದೆ. ಅವರು ನಮ್ಮ ಪಠ್ಯಕ್ರಮವನ್ನು ಅಲ್ಲಿಯ ಶಿಕ್ಷಣದ ಜೊತೆಗಿಟ್ಟು ನೋಡಿ, ಯಾವ ವಿಷಯದಲ್ಲಿ ಎಷ್ಟು ಕೊರತೆ ಇದೆ ಎಂದು ಒಂದು ಆದೇಶ ಕೊಡುತ್ತಾರೆ. ಆ ಕೊರತೆಯನ್ನು ಹೊಂದಾಣಿಕೆ ತರಬೇತಿಯಿಂದ ತುಂಬಬಹುದು, ಅಥವಾ ಜ್ಞಾನ ಪರೀಕ್ಷೆ ಬರೆಯಬಹುದು. ಪರೀಕ್ಷೆ ಎಂದರೆ ಮೌಖಿಕ ಒಂದು ಭಾಗ, ರೋಗಿಗಳ ಹಾಸಿಗೆಯ ಬಳಿ ಕೆಲಸ ಮಾಡಿ ತೋರಿಸುವುದು ಇನ್ನೊಂದು ಭಾಗ. ತರಬೇತಿಯಲ್ಲಿ ಕಾಲ ಹೆಚ್ಚು ಹಿಡಿಯಬಹುದು, ಆದರೆ ದಿನನಿತ್ಯದ ಜರ್ಮನ್ ಅಲ್ಲಿಯೇ ಬಾಯಿಗೆ ಹತ್ತುತ್ತದೆ. ಪರೀಕ್ಷೆ ಬೇಗ ಮುಗಿಯುತ್ತದೆ. ಅದಕ್ಕೆ ಓದಲು ಮಾಲೀಕರು ಸಮಯ ಕೊಡಬೇಕು.

ಮುಳಬಾಗಿಲಿನ ತಂಗಿಗೆ ಒಂದು ಮಾತು. ಹೊರಡುವ ಮೊದಲೇ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಿಂದ ಟ್ರಾನ್ಸ್‌ಕ್ರಿಪ್ಟ್ ತೆಗೆಸಿಕೋ. ಅಂಕಪಟ್ಟಿ ಸಾಲದು. ಪ್ರತಿ ವಿಷಯಕ್ಕೆ ಥಿಯರಿ ಎಷ್ಟು ಗಂಟೆ, ವಾರ್ಡಿನಲ್ಲಿ ಎಷ್ಟು ಗಂಟೆ ಎಂಬುದು ಅದರಲ್ಲಿ ಬಿಡಿಬಿಡಿಯಾಗಿ ಇರಬೇಕು, ಏಕೆಂದರೆ ಕೊರತೆಯನ್ನು ತೀರ್ಮಾನಿಸುವುದು ಆ ಗಂಟೆಗಳನ್ನು ನೋಡಿಯೇ. ಐಸಿಯು ಅನುಭವದ ಪತ್ರದಲ್ಲಿಯೂ ಬರೀ "ಸ್ಟಾಫ್ ನರ್ಸ್" ಎಂದಿದ್ದರೆ ಪ್ರಯೋಜನ ಕಡಿಮೆ. ವೆಂಟಿಲೇಟರ್ ಮೇಲಿರುವ ರೋಗಿಗಳ ಆರೈಕೆ, ಔಷಧಿ ನಿರ್ವಹಣೆ ಎಂದೆಲ್ಲ ಕೆಲಸಗಳನ್ನು ಬರೆಸಿಕೊಳ್ಳಬೇಕು. ಕಾನೂನಿನ ಪ್ರಕಾರ ಅನುಭವದಿಂದಲೂ ಕೊರತೆ ತುಂಬಿಕೊಳ್ಳಲು ಅವಕಾಶವಿದೆ. ಜರ್ಮನಿಯಿಂದ ಕೋಲಾರದ ಆಸ್ಪತ್ರೆಯ ಕಚೇರಿಗೆ ಫೋನ್ ಮಾಡಿ ಇಂಥ ಪತ್ರ ತರಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ನೋಡಿದ್ದೇನೆ.

ವಸಂತನರಸಾಪುರ_ಫಿಟ್ಟರ್

ನಾನು ತುಮಕೂರಿನವನು. ಎರಡು ವರ್ಷದ ಐಟಿಐ ಫಿಟ್ಟರ್ ಮಾಡಿ, ವಸಂತನರಸಾಪುರದ ಕಾರ್ಖಾನೆಯೊಂದರಲ್ಲಿ ಸಿಎನ್‌ಸಿ ಯಂತ್ರಗಳ ಮೇಲೆ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮಾನ್ಯತೆಯ ಗೊಡವೆಯೇ ಇಲ್ಲದೆ, ಬರೀ ಅನುಭವದ ಮೇಲೆ ಹೋಗುವ ಹೊಸ ದಾರಿಯೊಂದಿದೆ ಎಂದು ಸ್ನೇಹಿತರು ಹೇಳುತ್ತಾರೆ. ಆ ದಾರಿಯಲ್ಲಿ ಹೋದವರಿಗೂ ಮೂರೇ ವರ್ಷವೇ?

ಶಿಡ್ಲಘಟ್ಟ_ರೇಷ್ಮೆಗೂಡು

ಅಣ್ಣಾ, ಆ ದಾರಿ ಇರುವುದು ನಿಜ. 2024ರ ಮಾರ್ಚ್‌ನಿಂದ, ತಾಯ್ನಾಡಿನಲ್ಲಿ ಸರ್ಕಾರ ಮನ್ನಿಸಿದ ಕನಿಷ್ಠ ಎರಡು ವರ್ಷದ ತರಬೇತಿ ಮತ್ತು ಕಳೆದ ಐದು ವರ್ಷಗಳಲ್ಲಿ ಎರಡು ವರ್ಷದ ಅನುಭವ ಇರುವವರು, ನಿಗದಿತ ಮಟ್ಟದ ಸಂಬಳ ಸಿಗುವುದಾದರೆ ಜರ್ಮನ್ ಮಾನ್ಯತೆ ಇಲ್ಲದೆಯೂ ಕೆಲಸಕ್ಕೆ ಬರಬಹುದು. 2025ರಲ್ಲಿ ಆ ಸಂಬಳದ ಮಿತಿ ವರ್ಷಕ್ಕೆ 43,470 ಯೂರೋ ಇತ್ತು. ಪ್ರತಿ ಜನವರಿಯಲ್ಲಿ ಅದು ಬದಲಾಗುತ್ತದೆ.

ಆದರೆ ಈ ಪರವಾನಗಿ ಬರುವುದು 19ಸಿ ಕಲಮಿನ ಅಡಿಯಲ್ಲಿ. ಅಕ್ಕ ಮೇಲೆ ಬರೆದ ನಾಲ್ಕು ಕಲಮುಗಳಲ್ಲಿ ಇದು ಇಲ್ಲ. ಹೀಗೆ ಬಂದವರು ಎಲ್ಲರಿಗೂ ಅನ್ವಯಿಸುವ 9ನೇ ಕಲಮಿನ ಪ್ರಕಾರ ಅರ್ಜಿ ಹಾಕಬೇಕು. ಅದಕ್ಕೆ ಐದು ವರ್ಷದ ವಾಸ ಮತ್ತು 60 ತಿಂಗಳ ಪಿಂಚಣಿ ವಂತಿಗೆ ಬೇಕು. ಬೇಗ ಹೊರಡಬಹುದು, ಪಿಆರ್ ಮಾತ್ರ ದೂರ.

ನಿಮ್ಮ ಜಾಗದಲ್ಲಿ ನಾನಿದ್ದರೆ ಮಾನ್ಯತೆಗೇ ಅರ್ಜಿ ಹಾಕುತ್ತಿದ್ದೆ. ಕೈಗಾರಿಕಾ ವೃತ್ತಿಗಳ ಮಾನ್ಯತೆಯನ್ನು ನ್ಯೂರೆಂಬರ್ಗ್ ನಗರದಲ್ಲಿರುವ ಐಎಚ್‌ಕೆ ಫೋಸಾ ಎಂಬ ಸಂಸ್ಥೆ ನೋಡಿಕೊಳ್ಳುತ್ತದೆ. ಅಲ್ಲಿ ಲೋಹದ ಕೆಲಸದ ವೃತ್ತಿ ತರಬೇತಿ ಮೂರೂವರೆ ವರ್ಷದ್ದು, ನಮ್ಮ ಐಟಿಐ ಎರಡು ವರ್ಷದ್ದು. ಆ ಅಂತರವನ್ನು ನಿಮ್ಮ ಅನುಭವದಿಂದ ತುಂಬಿ ತೋರಿಸಬೇಕು. ಅನುಭವ ಪತ್ರದಲ್ಲಿ "ಆಪರೇಟರ್" ಎಂಬ ಒಂದೇ ಪದ ಬೇಡ. ಯಾವ ಯಂತ್ರ, ಲೇತ್ ಎಷ್ಟು ಕಾಲ, ಮಿಲ್ಲಿಂಗ್ ಎಷ್ಟು ಕಾಲ, ಡ್ರಾಯಿಂಗ್ ಓದಿ ಪ್ರೋಗ್ರಾಂ ನೀವೇ ಬರೆಯುತ್ತಿದ್ದಿರೋ, ಮೈಕ್ರೋಮೀಟರಿನಲ್ಲಿ ಅಳೆದು ಪಾಸ್ ಮಾಡುತ್ತಿದ್ದಿರೋ, ಯಂತ್ರದ ನಿರ್ವಹಣೆಯೂ ನಿಮ್ಮದೇ ಆಗಿತ್ತೋ ಎಂಬುದನ್ನೆಲ್ಲ ಕಾರ್ಖಾನೆಯವರಿಂದ ಲೆಟರ್‌ಹೆಡ್‌ನಲ್ಲಿ ಬರೆಸಿಕೊಳ್ಳಿ. ಪೂರ್ಣ ಮಾನ್ಯತೆ ಸಿಕ್ಕರೆ 18ಎ, ಅಂದರೆ ಮೂರು ವರ್ಷ.

ವಸಂತನರಸಾಪುರ_ಫಿಟ್ಟರ್

ಬಹಳ ಉಪಕಾರವಾಯಿತು. ಕಾರ್ಖಾನೆಯ ಎಚ್‌ಆರ್ ಅವರಲ್ಲಿ ಈ ವಾರವೇ ಕೇಳುತ್ತೇನೆ. ನೀವು ಸಾಫ್ಟ್‌ವೇರಿನವರೆಂದು ಕಾಣುತ್ತದೆ. ನಿಮಗೆ ಪಿಆರ್ ಬೇಗ ಸಿಕ್ಕಿತೇ?

ಶಿಡ್ಲಘಟ್ಟ_ರೇಷ್ಮೆಗೂಡು

ಇನ್ನೂ ಇಲ್ಲ, ಮತ್ತು ಅದರ ಕಾರಣ ಇಲ್ಲಿ ಬರೆಯಲೇಬೇಕಾದದ್ದು, ಏಕೆಂದರೆ ಬೆಂಗಳೂರಿನ ಕಂಪನಿಗಳಿಂದ ಜರ್ಮನಿಗೆ ಬರುವ ನಮ್ಮ ಜಿಲ್ಲೆಯ ಹುಡುಗರು ಬಹಳಷ್ಟು ಜನ ಇದೇ ಸ್ಥಿತಿಯಲ್ಲಿದ್ದಾರೆ.

ನಾನು ಮೊದಲು ಬಂದದ್ದು ಬೆಂಗಳೂರಿನ ಕಂಪನಿಯ ನೌಕರನಾಗಿಯೇ, ಡೆಪ್ಯುಟೇಶನ್ ಮೇಲೆ. ಭಾರತ ಮತ್ತು ಜರ್ಮನಿ ನಡುವಿನ ಸಾಮಾಜಿಕ ಭದ್ರತಾ ಒಪ್ಪಂದ 2017ರ ಮೇ 1ರಂದು ಜಾರಿಗೆ ಬಂದಿತು. ಅದರ ಪ್ರಕಾರ, ಇಲ್ಲಿಗೆ ಕಳುಹಿಸಲ್ಪಟ್ಟ ನೌಕರನಿಗೆ ಊರಿನಲ್ಲಿ ಪಿಎಫ್ ಕಟ್ಟುತ್ತಿದ್ದು, ಇಪಿಎಫ್‌ಒ ಕೊಟ್ಟ ಪ್ರಮಾಣಪತ್ರವಿದ್ದರೆ, ಜರ್ಮನಿಯ ಪಿಂಚಣಿಗೆ ವಂತಿಗೆ ಕಟ್ಟಬೇಕಾಗಿಲ್ಲ. ಕೈಗೆ ಬರುವ ಸಂಬಳ ಹೆಚ್ಚಾಗುವುದರಿಂದ ಆ ವ್ಯವಸ್ಥೆ ಎಲ್ಲರಿಗೂ ಒಳ್ಳೆಯದಾಗಿ ಕಾಣುತ್ತದೆ. ಆದರೆ ವಂತಿಗೆ ಕಟ್ಟದ ತಿಂಗಳು ಪಿಂಚಣಿ ಖಾತೆಯಲ್ಲಿ ಇರುವುದೇ ಇಲ್ಲ. ಪರವಾನಗಿಯೂ ಕಂಪನಿಯೊಳಗಿನ ವರ್ಗಾವಣೆಯದಾಗಿತ್ತು. ಅದೂ ಆ ನಾಲ್ಕು ಕಲಮುಗಳಲ್ಲಿ ಒಂದಲ್ಲ. ಹೊರಡುವಾಗ ಕಂಪನಿಯವರು ಈ ಎರಡನ್ನೂ ವಿವರಿಸಲಿಲ್ಲ ಎಂಬ ನೋವು ನನಗೆ ಇದೆ. ಹೆಂಡತಿ ಮಕ್ಕಳನ್ನು ಕರೆತಂದು ಬದುಕು ಕಟ್ಟಿಕೊಳ್ಳುವವನಿಗೆ ಅದು ಸಣ್ಣ ಮಾತಲ್ಲ.

ಈಗ ಇಲ್ಲಿಯ ಕಂಪನಿಯ ನೌಕರನಾಗಿ ಬ್ಲೂ ಕಾರ್ಡ್ ಪಡೆದಿದ್ದೇನೆ. ಅದರ ಲೆಕ್ಕ ಬೇರೆ, ಚಿಕ್ಕದೂ ಹೌದು. ಬ್ಲೂ ಕಾರ್ಡ್ ಇರುವವರು ಎ1 ಮಟ್ಟದ ಜರ್ಮನ್ ಇದ್ದರೆ 27 ತಿಂಗಳಿಗೆ, ಬಿ1 ಇದ್ದರೆ 21 ತಿಂಗಳಿಗೆ ಅರ್ಹರಾಗುತ್ತಾರೆ. ಅಷ್ಟೇ ತಿಂಗಳ ಪಿಂಚಣಿ ವಂತಿಗೆಯೂ ಬೇಕು. 2025ರಲ್ಲಿ ಬ್ಲೂ ಕಾರ್ಡಿಗೆ ವಾರ್ಷಿಕ ಸಂಬಳ 48,300 ಯೂರೋ ಇರಬೇಕಿತ್ತು. ಉದ್ಯೋಗಿಗಳ ಕೊರತೆ ಇರುವ ವೃತ್ತಿಗಳಿಗೆ ಮತ್ತು ಹೊಸ ಪದವೀಧರರಿಗೆ 43,759.80 ಯೂರೋ. ವಿಟಿಯು ಪದವಿ ಇದ್ದವರು ತಮ್ಮ ವಿಶ್ವವಿದ್ಯಾಲಯ ಮತ್ತು ಪದವಿ ವಿದೇಶಿ ಪದವಿಗಳ ಬಗ್ಗೆ ಜರ್ಮನಿ ಇಟ್ಟಿರುವ ಅನಬಿನ್ ಎಂಬ ದತ್ತಾಂಶದಲ್ಲಿ ಹೇಗೆ ದಾಖಲಾಗಿವೆ ಎಂದು ನೋಡಿ, ಆ ಪುಟವನ್ನು ಮುದ್ರಿಸಿ ಇಟ್ಟುಕೊಳ್ಳಲಿ.

ಕಚೇರಿಯಲ್ಲಿ ಎಲ್ಲವೂ ಇಂಗ್ಲಿಷಿನಲ್ಲಿ ನಡೆಯುವುದರಿಂದ ನಮ್ಮವರು ಜರ್ಮನ್ ಕಲಿಯುವುದನ್ನು ಮುಂದೂಡುತ್ತಾರೆ. ಬಿ1 ಇಲ್ಲದ್ದಕ್ಕೆ ಆರು ತಿಂಗಳು ಹೆಚ್ಚು ಕಾಯಬೇಕು. ಮನೆ ಬಾಡಿಗೆ ಒಪ್ಪಂದ ಓದಲು, ಮಗುವಿನ ಶಾಲೆಯ ಪತ್ರ ತಿಳಿಯಲು ಹೇಗಿದ್ದರೂ ಭಾಷೆ ಬೇಕಲ್ಲ!

ಮುಳಬಾಗಿಲು_ಶುಶ್ರೂಷಕಿ

ಅಕ್ಕ, ಅಣ್ಣ, ಇಬ್ಬರಿಗೂ ಧನ್ಯವಾದಗಳು. ಮನೆಯಲ್ಲಿ ಎಲ್ಲವನ್ನೂ ಓದಿ ಹೇಳಿದೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಸಾಲದ ಅವಧಿಯನ್ನು ಐದು ವರ್ಷಕ್ಕೆ ಕೇಳೋಣ ಎಂದರು. ಇನ್ನೆರಡು ಸಂದೇಹಗಳಿವೆ. ಕಾಯಂ ವಾಸಕ್ಕೆ ಬೇರೆ ಪರೀಕ್ಷೆ ಏನಾದರೂ ಇದೆಯೇ? ಮಧ್ಯವರ್ತಿಯವರು ಸೇವಾ ಶುಲ್ಕವೆಂದು ದೊಡ್ಡ ಮೊತ್ತ ಕೇಳುತ್ತಿದ್ದಾರೆ, ಅದು ಸರಿಯೇ?

ಮಾವಿನತೋಪು_ಶ್ರೀನಿವಾಸಪುರ

ಭಾಷೆಯಲ್ಲಿ ಬಿ1 ಸಾಕು. ನರ್ಸ್ ಮಾನ್ಯತೆಗೆಂದು ನೀನು ಬಿ2 ಮಾಡಿಯೇ ಇರುತ್ತೀಯಾದ್ದರಿಂದ ಆ ಚಿಂತೆ ಇಲ್ಲ. ಇನ್ನೊಂದು, ಅಲ್ಲಿಯ ಕಾನೂನು ಮತ್ತು ಸಮಾಜದ ಬಗ್ಗೆ "ಲೇಬೆನ್ ಇನ್ ಡಾಯ್ಚ್‌ಲಾಂಡ್" ಎಂಬ ಪರೀಕ್ಷೆ. 33 ಪ್ರಶ್ನೆ, ಒಂದು ಗಂಟೆ; ಕಾಯಂ ವಾಸಕ್ಕೆ 15 ಸರಿಯುತ್ತರ ಸಾಕು, ಮುಂದೆ ಪೌರತ್ವಕ್ಕೆ 17 ಬೇಕು. ಪ್ರಶ್ನೆಗಳೆಲ್ಲ ಮೊದಲೇ ಪ್ರಕಟವಾಗಿರುವ 300 ಸಾಮಾನ್ಯ ಪ್ರಶ್ನೆಗಳಿಂದ ಮತ್ತು ನೀನಿರುವ ರಾಜ್ಯದ 10 ಪ್ರಶ್ನೆಗಳಿಂದಲೇ ಬರುತ್ತವೆ. ಶುಲ್ಕ 25 ಯೂರೋ. ಫಲಿತಾಂಶ ಬರಲು ವಾರಗಟ್ಟಲೆ ಹಿಡಿಯುವುದರಿಂದ ಕೊನೆಯ ವರ್ಷಕ್ಕೆ ಬಿಡದೆ ಮೊದಲೇ ಬರೆದುಬಿಡು. ಉಳಿದಂತೆ ಕುಟುಂಬಕ್ಕೆ ಸಾಕಾಗುವ ಮನೆ ಮತ್ತು ಸ್ವಂತ ದುಡಿಮೆಯ ಆದಾಯವನ್ನು ತೋರಿಸಬೇಕು.

ಶುಲ್ಕದ ವಿಷಯದಲ್ಲಿ ನನಗೆ ಸಿಟ್ಟೇ ಬರುತ್ತದೆ. ನರ್ಸ್‌ಗಳನ್ನು ಕರೆಸಿಕೊಳ್ಳುವ ಖರ್ಚನ್ನು ಮಾಲೀಕರೇ ಭರಿಸಬೇಕು ಎಂಬ ತತ್ವದ ಮೇಲೆ ಜರ್ಮನ್ ಸರ್ಕಾರ "ನ್ಯಾಯಯುತ ನೇಮಕಾತಿ" ಎಂಬ ಮುದ್ರೆಯನ್ನು ಜಾರಿಗೆ ತಂದಿದೆ. ಆ ಮುದ್ರೆ ಇರುವ ಸಂಸ್ಥೆಗಳು ನಿನ್ನಿಂದ ಹಣ ಪಡೆಯುವಂತಿಲ್ಲ. ನಮ್ಮ ದೇಶದಲ್ಲಿಯೂ ನೋಂದಾಯಿತ ನೇಮಕಾತಿ ಏಜೆಂಟರ ಪಟ್ಟಿ ಇ-ಮೈಗ್ರೇಟ್ ಜಾಲತಾಣದಲ್ಲಿದೆ; ಅಂಥವರು ಅಭ್ಯರ್ಥಿಯಿಂದ ಪಡೆಯಬಹುದಾದ ಸೇವಾ ಶುಲ್ಕ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿಯನ್ನು ಮೀರಬಾರದು. ನಿನ್ನ ಏಜೆನ್ಸಿಯವರ ಹೆಸರು ಎರಡರಲ್ಲಿ ಒಂದು ಪಟ್ಟಿಯಲ್ಲಾದರೂ ಇದೆಯೇ ಎಂದು ನೋಡದೆ ಒಂದು ರೂಪಾಯಿಯನ್ನೂ ಕೊಡಬೇಡ. ಒಪ್ಪಂದದಲ್ಲಿ "ಇಷ್ಟು ವರ್ಷದೊಳಗೆ ಕೆಲಸ ಬಿಟ್ಟರೆ ಖರ್ಚು ಹಿಂತಿರುಗಿಸಬೇಕು" ಎಂಬ ಸಾಲಿದ್ದರೆ, ಯಾವ ಖರ್ಚು, ಎಷ್ಟು ಎಂದು ಲಿಖಿತವಾಗಿ ಕೇಳು.

ಚಿಂತಾಮಣಿ_ನಿವೃತ್ತ_ಶಿಕ್ಷಕ

ನನ್ನಂಥ ತಂದೆತಾಯಿಗಳ ಕಡೆಯ ಪ್ರಶ್ನೆ. ನಮಗೆ ಊರಲ್ಲಿ ಮೂರೆಕರೆ ಜಮೀನಿದೆ. ಮಗಳು ಅಲ್ಲಿ ಕಾಯಂ ಆದರೆ ಇಲ್ಲಿಯ ಹಕ್ಕು ಹೋಗುತ್ತದೆ ಎಂದು ದಾಯಾದಿಗಳು ಹೇಳುತ್ತಿದ್ದಾರೆ. ಅದಲ್ಲದೆ, ಅವಳ ತಾಯಿಗೆ ಆರೋಗ್ಯ ಸರಿಯಿಲ್ಲ. ಅವಳು ಬಂದು ತಿಂಗಳುಗಟ್ಟಲೆ ಇರಬೇಕಾದರೆ ಪಿಆರ್‌ಗೆ ತೊಂದರೆಯಾಗುತ್ತದೆಯೇ?

ಶಿಡ್ಲಘಟ್ಟ_ರೇಷ್ಮೆಗೂಡು

ಸಾರ್, ಹಕ್ಕು ಎಲ್ಲಿಗೂ ಹೋಗುವುದಿಲ್ಲ. ಕಾಯಂ ವಾಸ ಪಡೆದರೂ ನಿಮ್ಮ ಮಗಳು ಭಾರತದ ಪ್ರಜೆಯೇ, ಪಾಸ್‌ಪೋರ್ಟ್ ಭಾರತದ್ದೇ. ವಿದೇಶದಲ್ಲಿ ನೆಲೆಸಿದವರು ಕೃಷಿ ಜಮೀನನ್ನು ಹೊಸದಾಗಿ ಕೊಳ್ಳುವಂತಿಲ್ಲ ಎಂಬುದು ವಿದೇಶಿ ವಿನಿಮಯ ಕಾಯ್ದೆಯ ನಿಯಮ. 2020ರಲ್ಲಿ ಕರ್ನಾಟಕ ಭೂಸುಧಾರಣಾ ಕಾಯ್ದೆಗೆ ತಿದ್ದುಪಡಿಯಾಗಿ ಕೃಷಿಕರಲ್ಲದವರೂ ಜಮೀನು ಕೊಳ್ಳಬಹುದಾದರೂ ಈ ನಿರ್ಬಂಧ ಹಾಗೆಯೇ ಇದೆ. ಆದರೆ ಪಿತ್ರಾರ್ಜಿತವಾಗಿ ಬರುವ ಜಮೀನಿಗೆ ಈ ಅಡ್ಡಿ ಇಲ್ಲ. ಪೌತಿ ಖಾತೆಯಲ್ಲಿ ಅವಳ ಹೆಸರು ಸೇರಬಹುದು, ಪಹಣಿಯಲ್ಲಿ ಬರಬಹುದು. ಮಾರುವುದಾದರೆ ಮಾತ್ರ ಭಾರತದಲ್ಲಿ ವಾಸವಿರುವವರಿಗೇ ಮಾರಬೇಕು.

ಮುಂದೆ ಜರ್ಮನ್ ಪೌರತ್ವ ತೆಗೆದುಕೊಂಡರೆ ಮಾತು ಬೇರೆ. 2024ರ ಜೂನ್ 27ರಿಂದ ಜರ್ಮನಿ ಹಳೆಯ ಪೌರತ್ವ ಬಿಡಿ ಎಂದು ಕೇಳುವುದಿಲ್ಲ, ಆದರೆ ನಮ್ಮ 1955ರ ಪೌರತ್ವ ಕಾಯ್ದೆಯ ಪ್ರಕಾರ ಬೇರೆ ದೇಶದ ಪೌರತ್ವ ಪಡೆದವರ ಭಾರತೀಯ ಪೌರತ್ವ ತಾನಾಗಿ ಕೊನೆಯಾಗುತ್ತದೆ. ಆಗ ಒಸಿಐ ಕಾರ್ಡ್ ಮಾಡಿಸಬೇಕಾಗುತ್ತದೆ. ಪಿತ್ರಾರ್ಜಿತದ ಹಕ್ಕು ಆಗಲೂ ಉಳಿಯುತ್ತದೆ.

ಊರಿಗೆ ಬಂದಿರುವ ವಿಷಯದಲ್ಲಿ ಎಚ್ಚರ ಬೇಕು. ಪಿಆರ್ ಇದ್ದವರು ಜರ್ಮನಿಯ ಹೊರಗೆ ಆರು ತಿಂಗಳಿಗಿಂತ ಹೆಚ್ಚು ಇದ್ದರೆ ಅದು ರದ್ದಾಗುತ್ತದೆ. ತಾಯಿಯವರಿಗೆ ಹೆಚ್ಚು ದಿನ ಬೇಕಾಗಬಹುದು ಎನಿಸಿದರೆ, ಹೊರಡುವ ಮೊದಲೇ ಅಲ್ಲಿಯ ವಿದೇಶಿಯರ ಕಚೇರಿಗೆ ಅರ್ಜಿ ಕೊಟ್ಟು, ಹೆಚ್ಚಿನ ಅವಧಿಗೆ ಲಿಖಿತ ಒಪ್ಪಿಗೆ ಪಡೆಯಬಹುದು. ಐದು ವರ್ಷ ತುಂಬಿದ ಮೇಲೆ ಸಿಗುವ ಯುರೋಪಿಯನ್ ಒಕ್ಕೂಟದ ದೀರ್ಘಾವಧಿ ವಾಸದ ಪರವಾನಗಿಯಲ್ಲಿ ಒಕ್ಕೂಟದ ಹೊರಗೆ ಸತತ 12 ತಿಂಗಳವರೆಗೆ ಇರಬಹುದು. ವಯಸ್ಸಾದ ತಂದೆತಾಯಿ ಊರಲ್ಲಿರುವವರಿಗೆ ಅದೇ ಮೇಲು ಎಂದು ನನ್ನ ಅಭಿಪ್ರಾಯ.

ಮಾವಿನತೋಪು_ಶ್ರೀನಿವಾಸಪುರ

ಮೇಷ್ಟ್ರೇ, ಅಣ್ಣ ಹೇಳಿದ್ದಕ್ಕೆ ಒಂದನ್ನು ಸೇರಿಸುತ್ತೇನೆ. 2024ರ ಮಾರ್ಚ್ 1ರಂದು ಅಥವಾ ಅದರ ನಂತರ ಮೊದಲ ಬಾರಿಗೆ ಕುಶಲ ಉದ್ಯೋಗಿಯ ಪರವಾನಗಿ ಪಡೆದವರು ತಂದೆತಾಯಿಯನ್ನು ಕರೆಸಿಕೊಳ್ಳಲು ಕಾನೂನಿನಲ್ಲಿ ಅವಕಾಶವಿದೆ. ನಿಮ್ಮ ಮಗಳಿಗೆ 18ಎ ಸಿಕ್ಕ ಮೇಲೆ ಅದನ್ನೂ ವಿಚಾರಿಸಿ. ವಯಸ್ಸಾದವರಿಗೆ ಅಲ್ಲಿಯ ಆರೋಗ್ಯ ವಿಮೆ ಹೊಂದಿಸುವುದೇ ಅದರಲ್ಲಿ ಕಠಿಣವಾದ ಭಾಗ.

ಮುಳಬಾಗಿಲು_ಶುಶ್ರೂಷಕಿ

ಇವತ್ತು ಆಸ್ಪತ್ರೆಯವರಿಗೆ ನೇರವಾಗಿ ಇಮೇಲ್ ಬರೆದೆ. ಹೊಂದಾಣಿಕೆ ತರಬೇತಿಯೋ ಜ್ಞಾನ ಪರೀಕ್ಷೆಯೋ, ಅದು ನಾನು ಸೇರಿದ ಎಷ್ಟು ತಿಂಗಳಲ್ಲಿ ಆರಂಭವಾಗುತ್ತದೆ, ಓದಲು ಡ್ಯೂಟಿಯಲ್ಲಿ ಎಷ್ಟು ಸಮಯ ಬಿಡುತ್ತಾರೆ ಎಂದು ಕೇಳಿದ್ದೇನೆ. ಸೇವಾ ಶುಲ್ಕದ ಮಾತನ್ನೂ ಬರೆದಿದ್ದೇನೆ. ಉತ್ತರ ಬರುವವರೆಗೆ ಏಜೆನ್ಸಿಯ ಕಾಗದಕ್ಕೆ ಸಹಿ ಹಾಕುವುದಿಲ್ಲ. ಟ್ರಾನ್ಸ್‌ಕ್ರಿಪ್ಟ್‌ಗೆ ಅರ್ಜಿ ಸಲ್ಲಿಸಲು ಸೋಮವಾರ ಬೆಂಗಳೂರಿಗೆ ಹೋಗುತ್ತೇನೆ. ಪಾಸ್‌ಪೋರ್ಟ್ ಅವಧಿ ಮುಗಿದರೆ ಪಿಆರ್ ಕೂಡ ಮುಗಿಯುತ್ತದೆಯೇ ಎಂದು ಅಮ್ಮ ಕೇಳುತ್ತಿದ್ದಾರೆ.

ಮಾವಿನತೋಪು_ಶ್ರೀನಿವಾಸಪುರ

ಇಲ್ಲ ಎಂದು ಅಮ್ಮನಿಗೆ ಹೇಳು. ಕಾಯಂ ವಾಸದ ಹಕ್ಕಿಗೆ ಅವಧಿಯಿಲ್ಲ, ಕಾರ್ಡಿಗೆ ಮಾತ್ರ ಇರುತ್ತದೆ. ಪಾಸ್‌ಪೋರ್ಟ್ ನವೀಕರಿಸಿದಾಗ ಕಾರ್ಡನ್ನೂ ಹೊಸದಾಗಿ ಮಾಡಿಸಿಕೊಳ್ಳಬೇಕು. ಪಿಆರ್ ಅರ್ಜಿಯ ಶುಲ್ಕ 113 ಯೂರೋ. ದೊಡ್ಡ ಊರುಗಳಲ್ಲಿ ವಿದೇಶಿಯರ ಕಚೇರಿಯ ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟವಾದ್ದರಿಂದ, ಮೂರು ವರ್ಷ ತುಂಬುವ ಕೆಲವು ತಿಂಗಳ ಮೊದಲೇ ಕೇಳಿಟ್ಟುಕೋ. ಆಸ್ಪತ್ರೆಯವರ ಉತ್ತರ ಬಂದ ಮೇಲೆ ಅದನ್ನು ಇಲ್ಲಿ ಹಾಕು, ಒಟ್ಟಿಗೆ ಓದೋಣ.